ಹೇನು, ಸೀರು, ಸೀರಣಿಗೆ

ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದರೆ ನಾವು ಪೋಷಕರು ಸಾಮಾನ್ಯವಾಗಿ ಬರೆಯುವುದು ಮಾತೃಭಾಷೆಯ ಬಗ್ಗೆ, ಸಂಸ್ಕಾರದ ಬಗ್ಗೆ, ಇಲ್ಲವೇ ಊರಿನ ಮಳೆಗಾಲದ ಬಗ್ಗೆ. ನಾನು ಹೇನಿನ ಬಗ್ಗೆ ಬರೆಯುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. “ಅಮ್ಮಾ, ನನ್ನ ಹೆಸರು ಮಾತ್ರ ಹಾಕ್ಬೇಡ, ಪ್ಲೀಸ್” ಎಂದು ಮಗಳು ಅಂಗಲಾಚಿದಳು. ಹಾಕಿಲ್ಲ. ಆದರೆ ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮಲ್ಲಿ ಒಮ್ಮೆಯೂ ತಲೆಯಲ್ಲಿ ಹೇನು ಆಗದವರು ಯಾರಿದ್ದೀರಿ? ಕೈ ಎತ್ತಿ ನೋಡೋಣ!

ನಮ್ಮ ಶಾಲೆಯಲ್ಲಿ ಈ ಪ್ರಾಣಿಗೆ ಹೆಸರುಗಳಿಗೇನೂ ಬರವಿಲ್ಲ. ತಮಿಳು, ಮಲಯಾಳಂ, ತುಳು ಮಾತಾಡುವವರಿಗೆ ಅದು ಪೇನ್, ತೆಲುಗಿನವರಿಗೆ ಪೇನು, ಕೊಂಕಣಿಯವರಿಗೆ ಊ, ಹಿಂದಿಯವರಿಗೆ ಜೂಂ. ಹಳಗನ್ನಡದ ‘ಪ’ಕಾರ ಮುಂದೆ ‘ಹ’ಕಾರವಾಯಿತು, ಪಾಲು ಹಾಲಾಯಿತು, ಪೂ ಹೂವಾಯಿತು ಎಂದು ಕನ್ನಡ ತರಗತಿಯಲ್ಲಿ ಕಲಿತಿದ್ದೀರಲ್ಲ, ಹಾಗೆಯೇ ಪೇನ್ ನಮ್ಮಲ್ಲಿ ಹೇನಾಯಿತು. ಅದರ ಮೊಟ್ಟೆಗೆ ಸೀರು ಎನ್ನುತ್ತೇವೆ. ಆ ಸೀರನ್ನು ಎಳೆದು ತೆಗೆಯುವ ಒತ್ತು ಹಲ್ಲಿನ ಬಾಚಣಿಗೆಯೇ ಸೀರಣಿಗೆ. ಎಷ್ಟು ಚಂದದ ಶಬ್ದ! ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ.

2023ರ ಸೆಪ್ಟೆಂಬರ್. ಬೇಸಿಗೆ ರಜೆ ಮುಗಿಸಿ ಊರಿನಿಂದ ಮಸ್ಕತ್ತಿಗೆ ಮರಳಿ ಒಂದು ತಿಂಗಳು ಕಳೆದಿತ್ತು. ನಾಲ್ಕನೇ ತರಗತಿಯ ಟೀಚರ್ ಎಲ್ಲ ಮಕ್ಕಳ ಡೈರಿಯಲ್ಲೂ ಒಂದೇ ಚೀಟಿ ಅಂಟಿಸಿ ಕಳಿಸಿದ್ದರು. ತರಗತಿಯಲ್ಲಿ ಹೇನು ಕಾಣಿಸಿದೆ, ದಯವಿಟ್ಟು ಎಲ್ಲರೂ ಮನೆಯಲ್ಲಿ ಮಕ್ಕಳ ತಲೆ ನೋಡಿ, ಎಂದಷ್ಟೇ. ಯಾರ ಹೆಸರೂ ಇರಲಿಲ್ಲ. ಅಂಥ ಟೀಚರ್ ಸಿಕ್ಕಿದ್ದು ನಮ್ಮ ಮಕ್ಕಳ ಪುಣ್ಯ. ಆದರೆ ಟೀಚರ್ ಬರೆಯದ ಹೆಸರನ್ನು ತಾಯಂದಿರ ವಾಟ್ಸಾಪ್ ಗುಂಪು ಅರ್ಧ ಗಂಟೆಯಲ್ಲಿ ಬರೆದುಬಿಟ್ಟಿತು! ಆ ವರ್ಷ ಹೊಸದಾಗಿ ಸೇರಿದ್ದ ಒಂದು ಹುಡುಗಿ ಅಸೆಂಬ್ಲಿಯಲ್ಲಿ ತಲೆ ತುರಿಸಿಕೊಂಡದ್ದನ್ನು ಯಾರೋ ನೋಡಿದ್ದರಂತೆ. “ಅವರ ಮನೆಯಲ್ಲಿ ಕ್ಲೀನ್ ಇಲ್ಲ” ಎಂದು ಒಬ್ಬರು. “ಹೊಸಬರು ಬಂದ ಮೇಲೇ ಇದೆಲ್ಲ ಶುರುವಾದದ್ದು” ಎಂದು ಇನ್ನೊಬ್ಬರು. ಮತ್ತೊಬ್ಬರು ಇಲ್ಲಿಯ ನೀರಿನ ಮೇಲೆ ಅಪವಾದ ಹೊರಿಸಿದರು. ಸಮುದ್ರದ ನೀರನ್ನು ಸಿಹಿ ಮಾಡಿ ಕೊಡುವುದರಿಂದ ತಲೆಯಲ್ಲಿ ಹೇನಾಗುತ್ತದಂತೆ! ಪಾಪ, ಕೂದಲು ಉದುರಿದರೂ ಆ ನೀರೇ ಕಾರಣ, ಹೇನಾದರೂ ಆ ನೀರೇ ಕಾರಣ.

ಭಾನುವಾರ ಆ ಹುಡುಗಿ ಶಾಲೆಗೆ ಬಂದಾಗ ಅವಳ ಉದ್ದ ಜಡೆ ಇರಲಿಲ್ಲ. ಹುಡುಗರ ಹಾಗೆ ಕತ್ತರಿಸಿದ್ದರು. “ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರ್ಲಿಲ್ಲ ಅಮ್ಮ” ಎಂದಳು ಮಗಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ” ಎಂದಳು.

ಆ ಸಂಜೆಯೇ ಟ್ಯೂಬ್‌ಲೈಟಿನ ಕೆಳಗೆ ಮಗಳನ್ನು ಕೂರಿಸಿ ತಲೆ ಬಿಡಿಸಿ ನೋಡಿದೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗದಲ್ಲಿ ಎಳ್ಳಿನಷ್ಟು ದೊಡ್ಡ ಹೇನುಗಳು ಆರಾಮಾಗಿ ಓಡಾಡುತ್ತಿದ್ದವು! ಅವಳಿಗೆ ತುರಿಕೆ ಒಂದಿಷ್ಟೂ ಇರಲಿಲ್ಲ. ಹಿಂದಿ ಪಾಠದಲ್ಲಿ ಮಕ್ಕಳು ‘ಕಾನ್ ಪರ್ ಜೂಂ ನ ರೇಂಗನಾ’ ಎಂಬ ನುಡಿಗಟ್ಟು ಕಲಿಯುತ್ತಾರೆ. ಕಿವಿಯ ಮೇಲೆ ಹೇನು ಹರಿದರೂ ತಿಳಿಯದಷ್ಟು ನಿರ್ಲಕ್ಷ್ಯ ಎಂದು ಅರ್ಥ. ನಿಜಕ್ಕೂ ತಿಳಿಯುವುದಿಲ್ಲ! ಹೇನಿನ ಎಂಜಲಿಗೆ ನಮ್ಮ ಚರ್ಮ ಒಗ್ಗದೆ ತುರಿಕೆ ಏಳುತ್ತದೆ. ಮೊದಲ ಸಲ ಹೇನಾದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕಾಗಬಹುದು. ಅಂದರೆ ತರಗತಿಯಲ್ಲಿ ಮೊದಲು ತಲೆ ತುರಿಸಿಕೊಂಡವಳೇ ಹೇನು ತಂದವಳು ಎನ್ನಲು ಯಾವ ಆಧಾರವೂ ಇಲ್ಲ. ಅವಳಿಗಿಂತ ಒಂದು ತಿಂಗಳು ಮೊದಲೇ ತಲೆಯಲ್ಲಿ ಸಂಸಾರ ಹೂಡಿಸಿಕೊಂಡು, ತುರಿಕೆಯಿಲ್ಲದೆ ಪಕ್ಕದ ಬೆಂಚಿನಲ್ಲಿ ಕುಳಿತವರು ಎಷ್ಟು ಜನವೋ! ನನ್ನ ಮಗಳು ಅವಳಿಂದ ತಂದಳೋ, ಅವಳು ನನ್ನ ಮಗಳಿಂದ ತಂದಳೋ, ಇಬ್ಬರೂ ಮೂರನೆಯವಳಿಂದ ತಂದರೋ, ಯಾವ ಪೊಲೀಸರೂ ಕಂಡುಹಿಡಿಯಲಾರರು. ಅವಳು ಮೊದಲು ಸಿಕ್ಕಿಬಿದ್ದಳು, ಅಷ್ಟೇ.

ಕೊಳಕಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಹೇನಿಗೆ ಬೇಕಾದದ್ದು ಬೆಚ್ಚಗಿನ ತಲೆ ಮತ್ತು ಒಂದಿಷ್ಟು ರಕ್ತ. ನಿನ್ನೆ ಶಾಂಪೂ ಹಾಕಿದ ತಲೆಯೂ ಅದಕ್ಕೆ ಒಂದೇ, ವಾರದಿಂದ ತೊಳೆಯದ ತಲೆಯೂ ಒಂದೇ. ಅದಕ್ಕೆ ರೆಕ್ಕೆಯಿಲ್ಲ, ಹಾರದು. ಚಿಗಟದ ಹಾಗೆ ಜಿಗಿಯದು. ಆರು ಕಾಲುಗಳ ತುದಿಯ ಕೊಕ್ಕೆಯಿಂದ ಕೂದಲನ್ನು ಹಿಡಿದು ತೆವಳುತ್ತದೆ. ತಲೆಗೆ ತಲೆ ತಾಗಿದಾಗ ಒಂದು ಕೂದಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ನಾಲ್ಕು ಮಕ್ಕಳು ಒಂದೇ ಫೋನಿನ ಮೇಲೆ ಬಗ್ಗಿ ನೋಡುವುದನ್ನು ನೋಡಿದ್ದೀರಲ್ಲ? ಹೇನಿಗೆ ಅದು ಸೇತುವೆ. ತಲೆಯಿಂದ ಕೆಳಗೆ ಬಿದ್ದರೆ ಊಟವಿಲ್ಲದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಆದ್ದರಿಂದ ಸೋಫಾಕ್ಕೆ ಜಿರಲೆ ಔಷಧಿ ಹೊಡೆಯುವ ಅಗತ್ಯವಿಲ್ಲ. ದಿಂಬಿನ ಕವರು, ಟವೆಲು, ಬಾಚಣಿಗೆ ಬಿಸಿನೀರಿನಲ್ಲಿ ತೊಳೆದರೆ ಸಾಕು. ಬಟ್ಟೆಯಲ್ಲಿ ವಾಸಿಸುವ ಕೂರೆ ಬೇರೆ, ಅದು ಟೈಫಸ್‌ನಂಥ ಜ್ವರ ಹರಡಬಲ್ಲದು. ತಲೆಯ ಹೇನು ಯಾವ ರೋಗವನ್ನೂ ಹರಡುವುದಿಲ್ಲ. ಕೆರೆದು ಕೆರೆದು ಗಾಯವಾಗಿ ಕೀವಾಗಬಹುದು, ನಿದ್ದೆ ಕೆಡಬಹುದು.

ವಿಡಿಯೋ ಕರೆಯಲ್ಲಿ ವಿಷಯ ಹೇಳಿದಾಗ ಉಡುಪಿಯಲ್ಲಿರುವ ನನ್ನ ಅಮ್ಮ ಬಿದ್ದು ಬಿದ್ದು ನಕ್ಕರು. “ಒಂದು ಹೇನಿಗೆ ಇಷ್ಟು ಗಲಾಟೆಯಾ? ನಿನ್ನ ತಲೆಯಲ್ಲಿ ಎಷ್ಟಿತ್ತು ಅಂತ ಪುಳ್ಳಿಗೆ ಹೇಳ್ಲಾ?” ಹೇಳಿಯೂ ಬಿಟ್ಟರು! ನಮ್ಮ ಕಾಲದಲ್ಲಿ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಜಗಲಿಯಲ್ಲಿ ಹೆಂಗಸರು ಮಕ್ಕಳು ಒಬ್ಬರ ಹಿಂದೆ ಒಬ್ಬರು ರೈಲಿನ ಹಾಗೆ ಕುಳಿತು ಹೇನು ಹೆಕ್ಕುತ್ತಿದ್ದೆವು. ಅಜ್ಜಿಯ ಎರಡು ಹೆಬ್ಬೆರಳ ಉಗುರಿನ ನಡುವೆ ‘ಚಟ್’ ಎಂದು ಸದ್ದಾದರೆ ನಮಗೆ ಸಂತೋಷ. ಪಕ್ಕದ ಮನೆಯವರೂ ಬಂದು ತಲೆ ಕೊಟ್ಟು ಕೂರುತ್ತಿದ್ದರು. ಮದುವೆ ಮಾತುಕತೆ, ಬೆಲ್ಲದ ರೇಟು, ಅತ್ತೆಯ ಮೇಲಿನ ದೂರು, ಎಲ್ಲವೂ ಅಲ್ಲೇ. ಹೇನು ಆಗ ತೊಂದರೆಯಾಗಿತ್ತು, ಅವಮಾನವಾಗಿರಲಿಲ್ಲ. ಫ್ಲ್ಯಾಟಿನ ಬಾಗಿಲು ಹಾಕಿಕೊಂಡು ಬದುಕುವ ನಮಗೆ ಅದು ಯಾವಾಗ ಗುಟ್ಟಾಯಿತೋ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಆಗ ಕೆಲವು ಮನೆಗಳಲ್ಲಿ ತಲೆಗೆ ಸೀಮೆಎಣ್ಣೆ ಹಚ್ಚುತ್ತಿದ್ದರು. ಹತ್ತಿರ ಬೆಂಕಿಯಿದ್ದರೆ ಪ್ರಾಣಕ್ಕೇ ಸಂಚಕಾರ. ಸೀತಾಫಲದ ಬೀಜ ಅರೆದು ಹಚ್ಚುವ ಪದ್ಧತಿಯೂ ಇತ್ತು. ಅದು ಕಣ್ಣಿಗೆ ತಾಗಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೇ ಗಾಯವಾಗುತ್ತದೆ. ಇವೆರಡನ್ನೂ ಯಾರೂ ಮಾಡಬೇಡಿ, ಅಜ್ಜಿಯೇ ಹೇಳಿದರೂ ಬೇಡ. ಬರೀ ತೆಂಗಿನೆಣ್ಣೆ ಅಪಾಯವಲ್ಲ, ಬಾಚಲು ಅನುಕೂಲ. ಆದರೆ ಅದೊಂದರಿಂದಲೇ ಹೇನು ಸಾಯುತ್ತದೆಂಬ ಭರವಸೆ ಬೇಡ. ಈಜುಕೊಳದ ಕ್ಲೋರಿನ್ ನೀರಿಗೂ ಅದು ಜಗ್ಗದು, ಮುಳುಗಿದರೂ ಗಂಟೆಗಟ್ಟಲೆ ಸತ್ತಂತೆ ಬಿದ್ದಿದ್ದು ಮತ್ತೆ ಏಳುತ್ತದೆ.

ಮರುದಿನ ಔಷಧಿ ಅಂಗಡಿಗೆ ಹೋದೆ. ಸುತ್ತಲೂ ಜನ. ಮೆಲ್ಲಗೆ ‘ಲೈಸ್’ ಎಂದೆ. ಫಾರ್ಮಸಿಸ್ಟ್ ಕೇರಳದವರು. “ಪೇನ್ ಅಲ್ಲೇ?” ಎಂದು ಇಡೀ ಅಂಗಡಿಗೆ ಕೇಳಿಸುವಂತೆ ಕೇಳಿದರು! ಶೇಕಡಾ 1ರ ಪರ್ಮೆಥ್ರಿನ್ ಕೊಟ್ಟು, ಇದು ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ, ಅದಕ್ಕೆ ಒಂಬತ್ತನೇ ದಿನ ಇನ್ನೊಮ್ಮೆ ಹಚ್ಚಬೇಕು ಎಂದರು. ಈ ಔಷಧಿಗೆ ಹಲವು ದೇಶಗಳಲ್ಲಿ ಹೇನುಗಳು ಈಗ ಬಗ್ಗುತ್ತಿಲ್ಲವೆಂಬುದೂ ನಿಜ. ಎರಡು ಸಲ ಹಚ್ಚಿಯೂ ಹೋಗದಿದ್ದರೆ ಮೂರನೇ ಸಲ ಅದನ್ನೇ ಸುರಿಯುವ ಬದಲು ಡಾಕ್ಟರನ್ನು ಕೇಳುವುದು ಮೇಲು. ಡೈಮೆಥಿಕೋನ್ ಎಂಬ ಬೇರೆ ಬಗೆಯದೂ ಇದೆ. ಅದು ಕೀಟನಾಶಕವಲ್ಲ, ಹೇನಿನ ಮೈಗೆ ಪದರದಂತೆ ಮೆತ್ತಿಕೊಂಡು ಕೊಲ್ಲುತ್ತದೆ. ಮಗುವಿನ ವಯಸ್ಸು ಹೇಳದೆ ಯಾವ ಔಷಧಿಯನ್ನೂ ಕೊಳ್ಳಬೇಡಿ.

ಆದರೆ ಔಷಧಿಗಿಂತ ನನ್ನ ನಂಬಿಕೆ ಸೀರಣಿಗೆಯ ಮೇಲೆ, ಕ್ಯಾಲೆಂಡರಿನ ಮೇಲೆ. ಲೆಕ್ಕ ನೋಡಿ. ಹೆಣ್ಣು ಹೇನು ದಿನಕ್ಕೆ 6ರಿಂದ 8 ಮೊಟ್ಟೆ ಇಡುತ್ತದೆ. ಅವನ್ನು ಬುರುಡೆಯ ಹತ್ತಿರವೇ ಕೂದಲಿಗೆ ಅಂಟಿನಿಂದ ಬಿಗಿಯುತ್ತದೆ. ಮೊಟ್ಟೆ ಒಡೆಯಲು 7ರಿಂದ 10 ದಿನ. ಮರಿ ಬೆಳೆದು ಮೊಟ್ಟೆಯಿಡಲು ಇನ್ನೂ ಸುಮಾರು ಅಷ್ಟೇ ದಿನ ಬೇಕು. ಆ ನಡುವೆ ಮತ್ತೆ ಮತ್ತೆ ಬಾಚಿ ಮರಿಗಳನ್ನು ತೆಗೆದರೆ ವಂಶವೇ ಮುಂದುವರಿಯದು. ಬ್ರಿಟನ್ನಿನ ಎನ್.ಎಚ್.ಎಸ್. ಹೇಳುವುದು 1, 5, 9, 13ನೇ ದಿನ ಒದ್ದೆ ಕೂದಲಿಗೆ ಕಂಡಿಷನರ್ ಹಚ್ಚಿ ಬುಡದಿಂದ ತುದಿಯವರೆಗೆ ಬಾಚಬೇಕು, 17ನೇ ದಿನ ಕೊನೆಯ ಪರೀಕ್ಷೆ. ಒಂದೊಂದು ಎಳೆತಕ್ಕೂ ಸೀರಣಿಗೆಯನ್ನು ಬಿಳಿ ಟಿಶ್ಯೂಗೆ ಒರೆಸಿ ನೋಡಬೇಕು. ಸೊಂಟದವರೆಗಿನ ಕೂದಲಾದರೆ ಒಂದು ಗಂಟೆ ಹಿಡಿಯುತ್ತದೆ, ಕೈ ಸೋಲುತ್ತದೆ, ಮಗು ಅಳುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ಬುಡದಿಂದ ದೂರ ಕಾಣುವ ಬಿಳಿ ಸೀರು ಬಹುಪಾಲು ಖಾಲಿ ಚಿಪ್ಪು, ಅದನ್ನು ನೋಡಿ ಗಾಬರಿ ಬೇಡ. ಕತ್ತರಿಯ ಅಗತ್ಯವಂತೂ ಇಲ್ಲವೇ ಇಲ್ಲ, ಹೇನು ಇರುವುದೇ ಬುಡದಲ್ಲಿ.

ಈ ಮಾತನ್ನು ಆ ಹುಡುಗಿಯ ತಾಯಿಗೆ ಹೇಳಲು ಫೋನ್ ಮಾಡಿದೆ. ನಮ್ಮ ಮನೆಯಲ್ಲೂ ಹೇನಿದೆ, ನಾಳೆ ಶುಕ್ರವಾರ ಮಗಳನ್ನು ಕರೆದುಕೊಂಡು ಬನ್ನಿ, ಒಟ್ಟಿಗೆ ಬಾಚೋಣ ಎಂದೆ. ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಆಮೇಲೆ ಅವರು ಹಿಂದಿಯಲ್ಲಿ ಕೇಳಿದ್ದು ಒಂದೇ: “ನಿಮ್ಮ ಮನೆಯಲ್ಲೂ ಇದೆಯಾ, ನಿಜವಾಗಿ?” ಗುಂಪಿನಲ್ಲೂ ಅದನ್ನೇ ಬರೆದೆ: ನನ್ನ ಮಗಳ ತಲೆಯಲ್ಲಿ ಹೇನಿದೆ, ಎಲ್ಲರೂ ನೋಡಿಕೊಳ್ಳಿ. ಎರಡು ನಿಮಿಷ ಮೌನ. ಮತ್ತೆ ಒಬ್ಬೊಬ್ಬರಾಗಿ ಐದು ಜನ, “ನಮ್ಮಲ್ಲೂ” ಎಂದರು. ನೀರಿನ ಮೇಲೆ ಅಪವಾದ ಹೊರಿಸಿದವರೂ ಆ ಐವರಲ್ಲಿದ್ದರು!

ಶುಕ್ರವಾರ ಬಾಲ್ಕನಿಯಲ್ಲಿ ಹಳೆಯ ಜಗಲಿಯೇ ಕೂಡಿತು. ಗಿಡ್ಡ ಕೂದಲಾದರೂ ಆ ಹುಡುಗಿಯ ತಲೆಯಲ್ಲಿ ಮೂರು ಸಿಕ್ಕವು, ನನ್ನ ಮಗಳ ತಲೆಯಲ್ಲಿ 31. ಇಬ್ಬರೂ ರಫ್ ನೋಟ್‌ಬುಕ್ಕಿನಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಬರೆದಿಟ್ಟರು. ಮಗಳು ಮುಂದಿನ ಸರದಿಗಳಲ್ಲಿ 12, 2, ಕೊನೆಗೆ ಸೊನ್ನೆ. ಬಸ್ಸಿನಲ್ಲಿ ಅವರಿಬ್ಬರ ಸೀಟು ಈಗಲೂ ಒಂದೇ. ಆ ಜಡೆ ಮಾತ್ರ ಮೊದಲಿನ ಉದ್ದಕ್ಕೆ ಬರಲು ವರ್ಷಗಳೇ ಬೇಕು.

ಶಾಲೆಗಳಿಗೂ ಒಂದು ಮಾತು ಸಲ್ಲುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ತನ್ನ ವರದಿಯಲ್ಲಿ, ಹೇನು ಅಥವಾ ಸೀರಿದೆಯೆಂದು ಆರೋಗ್ಯವಂತ ಮಗುವನ್ನು ಶಾಲೆಯಿಂದ ಹೊರಗಿಡಬಾರದೆಂದು ಮತ್ತೊಮ್ಮೆ ಹೇಳಿದೆ. ಕಾರಣ ಸರಳ. ಹೇನು ಸಿಕ್ಕುವಷ್ಟರಲ್ಲಿ ಮಗು ಹೇಗೂ ವಾರಗಟ್ಟಲೆ ಅದೇ ತರಗತಿಯಲ್ಲಿ ಕುಳಿತಿರುತ್ತದೆ.

ಅದೇ 2022ರಲ್ಲಿ ಇನ್ನೊಂದು ಸುದ್ದಿಯೂ ಬಂದಿತ್ತು, ಮಕ್ಕಳಿಗೆ ಇಷ್ಟವಾಗಬಹುದು. ಇಸ್ರೇಲಿನ ಲಾಕೀಶ್ ಎಂಬಲ್ಲಿ 2016ರಲ್ಲಿ ಅಗೆದಾಗ ಆನೆದಂತದ ಒಂದು ಪುಟ್ಟ ಬಾಚಣಿಗೆ ಸಿಕ್ಕಿತ್ತು. ಒಂದು ಕಡೆ ಆರು ದಪ್ಪ ಹಲ್ಲು, ಇನ್ನೊಂದು ಕಡೆ ಹದಿನಾಲ್ಕು ಒತ್ತು ಹಲ್ಲು, ಥೇಟ್ ನಮ್ಮ ಅಜ್ಜಿಯ ಸೀರಣಿಗೆ! ಸುಮಾರು 3,700 ವರ್ಷ ಹಳೆಯದು. ಅದರ ಮೇಲೆ ಗೀರಿದ್ದ 17 ಅಕ್ಷರಗಳನ್ನು ವಿದ್ವಾಂಸರು ಓದಿದಾಗ, ಈ ದಂತ ಕೂದಲು ಗಡ್ಡಗಳ ಹೇನನ್ನು ಬುಡಸಮೇತ ಕಿತ್ತುಹಾಕಲಿ ಎಂಬ ಹಾರೈಕೆ ಅಲ್ಲಿತ್ತು. ಕಾನಾನೈಟ್ ಲಿಪಿಯಲ್ಲಿ ಈವರೆಗೆ ಸಿಕ್ಕ ಪೂರ್ಣ ವಾಕ್ಯಗಳಲ್ಲಿ ಅದೇ ಅತ್ಯಂತ ಹಳೆಯದು. ಆ ಊರಿನಲ್ಲಿ ಆನೆಗಳಿರಲಿಲ್ಲ, ದಂತ ಹೊರಗಿನಿಂದ ಬರಬೇಕು. ಅಂಥ ದುಬಾರಿ ಬಾಚಣಿಗೆ ಇಟ್ಟುಕೊಂಡವರ ತಲೆಯಲ್ಲೂ ಹೇನಿತ್ತು. ಹಲ್ಲುಗಳ ನಡುವೆ ಮರಿಹೇನಿನ ಅವಶೇಷವೂ ಸಿಕ್ಕಿದೆಯಂತೆ.

ಈ ಸಲ ಊರಿನಿಂದ ಬರುವಾಗ ನಾಲ್ಕು ಸೀರಣಿಗೆ ಹೆಚ್ಚಾಗಿ ತಂದಿದ್ದೇನೆ. ದಂತದ್ದಲ್ಲ, ಸ್ಟೀಲಿನದು. ಬೇಕಾದವರು ಮುಜುಗರಪಡದೆ ಶಾಲೆಯ ಗೇಟಿನಲ್ಲಿ ನನ್ನನ್ನು ಕೇಳಿ. ಒಂದು ಆಗಲೇ ಹೋಯಿತು, ಮೂರು ಉಳಿದಿವೆ.