ಹುಟ್ಟಿದೂರಿಗೆ ದುಭಾಷಿಯೊಡನೆ

ಚೀನಾದಲ್ಲಿ 1992ರಲ್ಲಿ ದತ್ತು ಕಾನೂನು ಜಾರಿಗೆ ಬಂದಿತು. 2024ರಲ್ಲಿ ಆ ದೇಶವು ಹೊರನಾಡಿನವರಿಗೆ ದತ್ತು ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸುವವರೆಗೆ ಒಂದೂವರೆ ಲಕ್ಷಕ್ಕೂ ಮಿಕ್ಕ ಮಕ್ಕಳು ಪರದೇಶಗಳ ಮನೆ ಸೇರಿದ್ದರು. 2015ರ ಕೊನೆಯವರೆಗೂ ಅಲ್ಲಿ ಒಂದೇ ಮಗುವಿನ ಕಟ್ಟಳೆಯಿತ್ತು. ಹಾಗೆ ಹೋದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಅಮೆರಿಕದಲ್ಲಿ ಬೆಳೆದ ಇಂಥ ಕೆಲವರು ಸಾಕಿದ ತಂದೆತಾಯಿಯರೊಡನೆ ಹುಟ್ಟಿದೂರನ್ನು ನೋಡಲು ಹೋಗುತ್ತಾರೆ. ಅನಾಥಾಲಯದ ಕಡತದಲ್ಲಿ ಮಗು ಸಿಕ್ಕಿದ ಜಾಗವಿರುತ್ತದೆ: ಒಂದು ಗೇಟು, ಸಂತೆ, ಇಲ್ಲವೇ ರೈಲು ನಿಲ್ದಾಣ. ಎಷ್ಟೋ ಮಕ್ಕಳಿಗೆ ಒಂದೇ ಮನೆತನದ ಹೆಸರು. ಹುಟ್ಟಿದ ದಿನ ಅಂದಾಜಿನದು.

ನನ್ನ ತಾಯಿಯವರ ಜನ್ಮದಿನವನ್ನೂ ಶಾಲೆಗೆ ಸೇರಿಸಿದಂದು ಮಾಸ್ತರರೇ ಬರೆದದ್ದು. ಆದರೆ "ನೀನು ಹುಟ್ಟಿದ್ದು ಆಟಿಯ ಜಡಿಮಳೆಯಲ್ಲಿ" ಎನ್ನಲು ಅಜ್ಜಿಯಿದ್ದರು. ಆ ಹುಡುಗಿಗೆ ಹೇಳುವವರು ಯಾರು? ಎತ್ತಿ ಆಡಿಸಿದ ಆಯಾ ಒಬ್ಬಳು ಬದುಕಿದ್ದರೆ ಅದೇ ಭಾಗ್ಯ.

ಮುಖ ನೋಡಿ ಅಂಗಡಿಯವರು ಚೀನೀ ಭಾಷೆಯಲ್ಲೇ ಮಾತನಾಡಿಸುತ್ತಾರೆ. ಅವಳಿಗೆ ಉತ್ತರ ಬಾರದು. ಮಲೆಯಾಳ, ಕನ್ನಡ ಎರಡರಲ್ಲೂ ಕಲಿತ ನನಗೆ ಈ ಸಂಕಟವೇ ಹೆಚ್ಚಿನದೆನಿಸುತ್ತದೆ. ಆಯಾ ಹತ್ತು ಮಾತು ಆಡಿದರೆ ದುಭಾಷಿ ಎರಡನ್ನು ದಾಟಿಸಿಯಾನು.

ಕೆಲವರು ತಮ್ಮ ಎಳವೆಯ ಚಿತ್ರವಿರುವ ಭಿತ್ತಿಪತ್ರವನ್ನು ಆ ಊರಿನಲ್ಲಿ ಅಂಟಿಸಿ ಬರುತ್ತಾರೆ. ಹೆತ್ತವರು ಸಿಕ್ಕಿದ್ದೂ ಉಂಟು. ಹೆಚ್ಚಿನವರಿಗೆ ಸಿಕ್ಕಿಲ್ಲ.