ಕರೆಂಟ್ ಡೈರಿ – 4: ಹತ್ತಿದವರೆಷ್ಟು, ಇಳಿದವರೆಷ್ಟು?

ಹೋದ ಭಾಗ ಓದಿದ ಸುಮಾರು ಜನ ಕೇಳಿದ್ದು ಒಂದೇ: "ಅಕ್ಕಾ, ಜೆಇ ಆದ್ಮೇಲೆ ಎಲೆಕ್ಟ್ರಿಕಲ್ ಓದಿದ್ದು ಉಪಯೋಗಕ್ಕೆ ಬರುತ್ತಾ?"

ಬರುತ್ತೆ. ಒಂದು ಲೆಕ್ಕ ಹಾಕೋಣ.

ಸಿರುಗುಪ್ಪ ಕಡೆ ಹೊಲದ ಬದುವಿನ ಮೇಲೆ ಒಂದು 63 ಕೆವಿಎ ಟಿಸಿ ಇದೆ ಅನ್ಕೊಳ್ಳಿ. (ಟ್ರಾನ್ಸ್‌ಫಾರ್ಮರ್ ಅನ್ನೋದು ಪರೀಕ್ಷೆಗೆ ಮಾತ್ರ, ಇಲ್ಲಿ ಎಲ್ಲರಿಗೂ ಟಿಸಿನೇ.) 11 ಸಾವಿರ ವೋಲ್ಟ್ ತಗೊಂಡು 433 ಮಾಡಿ ಕೊಡೋದು ಅದರ ಕೆಲಸ. 5 ಎಚ್‌ಪಿ ಮೋಟಾರ್ ಒಂದಕ್ಕೆ ಹೆಚ್ಚುಕಮ್ಮಿ 6 ಕೆವಿಎ ಬೇಕು. ಹತ್ತು ಮೋಟಾರಿಗೆ ಸರಿಹೋಯ್ತು. ಭತ್ತದ ಸಸಿ ಮಡಿ ಹಾಕೋ ಹೊತ್ತಿಗೆ ಅದೇ ಟಿಸಿ ಮೇಲೆ ಹದಿನಾಲ್ಕು ಇರ್ತಾವೆ, ಎಲ್ಲದಕ್ಕೂ ಆಟೋ ಸ್ಟಾರ್ಟರ್! ಕರೆಂಟ್ ಬಂದ ಕ್ಷಣ ಎಲ್ಲವೂ ಒಟ್ಟಿಗೆ ಎದ್ದು, ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೀತಾವೆ. ಫ್ಯೂಸ್ ಹೋಗುತ್ತೆ. ಯಾರಾದ್ರೂ ದಪ್ಪ ತಂತಿ ಸುತ್ತಿದ್ರೆ ಫ್ಯೂಸ್ ಉಳಿಯುತ್ತೆ, ಟಿಸಿ ಸುಡುತ್ತೆ.

"ಕುಡತಿನಿಯಾಗ 1700 ಮೆಗಾವ್ಯಾಟ್ ತಯಾರ್ ಮಾಡ್ತಾರ, ಮಗ್ಗುಲಾಗಿರೋ ನಮಗ ಯಾಕಿಲ್ರಿ?" ಅಂತಾರೆ ರೈತರು. ಅಲ್ಲಿ ತಯಾರಾದದ್ದು ಗ್ರಿಡ್‌ಗೆ ಹೋಗುತ್ತೆ. ನಮ್ಮ ತಾಪತ್ರಯ ಬದುವಿನ ಮೇಲಿನ ಆ 63 ಕೆವಿಎದ್ದು. ಇದನ್ನ ಬಿಸಿಲಲ್ಲಿ ನಿಂತು ಕನ್ನಡದಲ್ಲಿ ಹೇಳೋಕೆ ಬರಬೇಕು. ನನ್ನ ಮೊದಲ ಆರು ತಿಂಗಳ ವೈವಾ ಅದೇ.

ಆದ್ರೆ ಯಾವ ಸೆಮಿಸ್ಟರ್‌ನಲ್ಲೂ ಇಲ್ಲದ ಪಾಠ ಒಂದಿದೆ: ಎಲ್‌ಸಿ. ಲೈನ್ ಕ್ಲಿಯರ್. ಸಬ್‌ಸ್ಟೇಷನ್‌ಗೆ ಹೇಳಿ ಫೀಡರ್ ಆಫ್ ಮಾಡಿಸ್ಬೇಕು, ನಂಬರ್ ಎರಡೂ ಕಡೆ ಬರ್ಕೋಬೇಕು. ಲೈನ್ ಸತ್ತಿದೆಯಾ ಅಂತ ಟೆಸ್ಟ್ ಮಾಡಿ, ಕೆಲಸದ ಜಾಗದ ಎರಡೂ ಬದಿಗೆ ಅರ್ತ್ ರಾಡ್ ಹಾಕಿದ ಮೇಲೇ ಕಂಬ ಹತ್ತೋದು. ವಾಪಸ್ ಕೊಡುವಾಗ ಎಲ್ಲರೂ ಇಳಿದಿರಬೇಕು, ರಾಡ್ ತೆಗೆದಿರಬೇಕು. ಎಲ್‌ಸಿ ತಗೊಂಡವರೇ ವಾಪಸ್ ಕೊಡಬೇಕು.

ಕುರುಗೋಡು ಹತ್ತಿರ ಒಂದು ಸಂಜೆ ಜಂಪರ್ ಕಟ್ಟಾಗಿತ್ತು. ಎಲ್‌ಸಿ ನನ್ನ ಹೆಸರಲ್ಲಿ. ಮೂರು ಜನ ಹತ್ತಿದ್ರು, ಇಬ್ಬರು ಇಳಿದು ಬಂದ್ರು. ಮೂರನೆಯವನು ಹೊಲದಾಚೆ ಇನ್ನೊಂದು ಕಂಬಕ್ಕೆ ಹೋಗಿದ್ದ. ಫೋನ್ ಎತ್ತುತ್ತಿಲ್ಲ.

"ಎರಡು ತಾಸಾತ್ರಿ ಮೇಡಂ. ಸಸಿ ಒಣಗಾಕತ್ಯಾವ್ರಿ."

ಸುಳ್ಳಲ್ಲ. ಪಂಪ್‌ಸೆಟ್‌ಗೆ ಸಿಗೋ ತ್ರೀ ಫೇಸ್ ದಿನಕ್ಕೆ 7 ಗಂಟೆ. ಅದರಲ್ಲಿ ಎರಡು ಹೋಗಿತ್ತು.

"ಅವನು ಇಳದು ಹೋದ, ನಾನ ನೋಡೀನಿ, ಚಾರ್ಜ್ ಮಾಡಿಸ್ರಿ" ಅಂದ ಇನ್ನೊಬ್ಬ. ಮೇಲಿನಿಂದಲೂ ಫೋನ್: ಯಾಕೆ ತಡ?

ಅವನ ದನಿ ಕೇಳೋವರೆಗೂ ಕೊಡಲ್ಲ ಅಂದೆ. ಒಬ್ಬ ಹುಡುಗನನ್ನ ಬೈಕಲ್ಲಿ ಕಳಿಸಿದ್ವಿ. ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಬೈಗುಳ.

ಅವನು ನಿಜಕ್ಕೂ ಇಳಿದಿದ್ದ, ಯಾರದೋ ಮನೆಯಲ್ಲಿ ನೀರು ಕುಡೀತಿದ್ದ. ಆ ರೈತ ಹೇಳಿದ್ದು ಖರೇ. ಇಪ್ಪತ್ತು ನಿಮಿಷದ ನೀರು ಅವರಿಗೆ ನಷ್ಟವೇ ಆಯ್ತು, ನನ್ನಿಂದ. ನಾಳೆ ಹಂಗೇ ಆದ್ರೂ ನಾನು ಹಂಗೇ ಮಾಡ್ತೀನಿ. ಒಣಗಿದ ಸಸಿ ಮತ್ತೆ ಹಾಕಬಹುದು.

ನಮ್ಮ ಹಿರಿಯ ಪವರ್‌ಮ್ಯಾನ್ ಹೇಳಿದ್ದು ಇಷ್ಟೇ: "ತಡ ಮಾಡಿದ್ರ ಬೈತಾರ. ಬೈಸ್ಕೋರಿ ಮೇಡಂ."

ಕೆಲಸಕ್ಕೆ ಸೇರ್ತಿರೋ ತಮ್ಮ-ತಂಗಿಯರೇ, ಮೊದಲು ಎಣಿಸೋದು ಕಲೀರಿ. ಹತ್ತಿದವರೆಷ್ಟು, ಇಳಿದವರೆಷ್ಟು, ಹಾಕಿದ ರಾಡ್ ಎಷ್ಟು, ತೆಗೆದದ್ದೆಷ್ಟು. ಮಿಕ್ಕಿದ್ದನ್ನ ಕೆಲಸವೇ ಕಲಿಸುತ್ತೆ.

ಉಳಿದವರಿಗೆ ಒಂದು ಮಾತು: ಮನೆಯಲ್ಲೋ, ಮಿಲ್ಲಲ್ಲೋ ಜನರೇಟರ್ ಇದ್ರೆ ಚೇಂಜ್‌ಓವರ್ ಸ್ವಿಚ್ ಇದೆಯಾ ನೋಡಿ. ಇಲ್ದಿದ್ರೆ ನಿಮ್ಮ ಕರೆಂಟ್ ಟಿಸಿಗೆ ಉಲ್ಟಾ ಹೋಗಿ 11 ಸಾವಿರ ವೋಲ್ಟ್ ಆಗುತ್ತೆ. ಆಫ್ ಆಗಿದೆ ಅಂತ ನಂಬಿ ಕಂಬದ ಮೇಲೆ ಒಬ್ಬ ಇರ್ತಾನೆ.

ಭಾಗ 5ರಲ್ಲಿ: ಮೊದಲ ಮಳೆ, ಬಿದ್ದ ಕಂಬಗಳು.

#ಕರೆಂಟ್‌ಡೈರಿ #ಬಳ್ಳಾರಿ #ಸಿರುಗುಪ್ಪ #ಕುರುಗೋಡು