ಮುಪ್ಪಿನಲ್ಲಿ ಶರಾಭ್ಯಾಸ

ಅರವತ್ತು ದಾಟಿದ ಮಾಸ್ತರನೊಬ್ಬನು ಬೆಳಗಿನ ಜಾವದಲ್ಲಿ ಹೆಗಲಿಗೆ ಬಿಲ್ಲನ್ನೇರಿಸಿ ಹೊರಟರೆ ಧಾರವಾಡದ ಜನರು ನಗದೆ ಬಿಡುವರೇ? ನಮ್ಮ ಓಣಿಯ ಹಾಲಿನವನು "ಮಾಸ್ತರ, ಇವತ್ತ ಯಾವ ಬ್ಯಾಟಿಗೆ ಹೊಂಟೀರಿ?" ಎಂದು ಕೇಳುವದನ್ನು ಇನ್ನೂ ಬಿಟ್ಟಿಲ್ಲ. ಮನೆಯವಳಂತೂ "ವಾನಪ್ರಸ್ಥದ ಹೊತ್ತಿನ್ಯಾಗ ಇವರಿಗೆ ಕ್ಷಾತ್ರ ಎದ್ದದ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ನಗುವವರು ನಗಲಿ. ಈ ಹವ್ಯಾಸವು ನನಗೆ ಹೇಗೆ ಅಂಟಿತು, ಅದರಿಂದ ನಾನು ಏನು ಕಲಿತೆ ಎಂಬುದನ್ನು ವಾಚಕರ ಮುಂದೆ ಇಡಬೇಕೆಂದು ಬಹು ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

2019ರಲ್ಲಿ ನಾನು ಶಾಲೆಯ ಕೆಲಸದಿಂದ ನಿವೃತ್ತನಾದೆನು. ಅದೇ ವರುಷ ಮಿತ್ರರೊಬ್ಬರು ಕೆಲಗೇರಿಯ ಆಚೆಗಿರುವ ತಮ್ಮ ಮಾವಿನ ತೋಟಕ್ಕೆ ಕರೆದೊಯ್ದರು. ಅಲ್ಲಿ ರವಿವಾರ ಮುಂಜಾನೆ ಐದಾರು ಜನರು ಕೂಡಿ ಬಿಲ್ಲಿನ ಅಭ್ಯಾಸ ಮಾಡುತ್ತಿದ್ದರು. ಒಬ್ಬರು ಬ್ಯಾಂಕಿನವರು, ಒಬ್ಬರು ವೈದ್ಯರು, ಒಬ್ಬರು ಹುಬ್ಬಳ್ಳಿಯ ರೇಲ್ವೆ ಕಾರಖಾನೆಯಲ್ಲಿ ದುಡಿದು ಬಂದವರು. ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿಯೂ ಇದ್ದಳು. ಗಾಲಿ ಹಚ್ಚಿದ ಬಿಲ್ಲಾಗಲಿ, ಗುರಿ ನೋಡುವ ಕನ್ನಡಿಯಾಗಲಿ ಅಲ್ಲಿಲ್ಲ. ಮಣ್ಣಿನ ಎತ್ತರವಾದ ಒಡ್ಡು, ಅದರ ಮುಂದೆ ಹುಲ್ಲಿನ ಸಿವುಡು, ಮೂವತ್ತು ಹೆಜ್ಜೆಯ ದೂರ, ಕೈಯಲ್ಲಿ ಬಿದಿರಿನ ಬಿಲ್ಲು, ಇಷ್ಟೇ ಸಾಮಗ್ರಿ. ಎಲ್ಲರೂ ಬಿಲ್ಲನ್ನು ಕೆಳಗಿಡುವ ತನಕ ಯಾರೂ ಅಂಬು ತರಲು ಮುಂದೆ ಹೋಗಕೂಡದೆಂಬುದು ಅಲ್ಲಿಯ ಮೊದಲನೆಯ ಕಟ್ಟಳೆ. ಎಸೆಯುವದಕ್ಕೆ ಅರ್ಧ ತಾಸು ಹಿಡಿದರೆ, ಗುರಿ ತಪ್ಪಿ ಹುಲ್ಲಿನಲ್ಲಿ ಅಡಗಿದ ಅಂಬನ್ನು ಹುಡುಕುವದಕ್ಕೆ ಒಂದು ತಾಸು. ಆಮೇಲೆ ಗಿರಮಿಟ್ಟು, ಚಹ. ಯಾರ ಅಂಬಿನ ಗರಿ ಕಿತ್ತಿತು, ಯಾರ ಹೆದೆ ಸಡಿಲಾಯಿತು ಎಂಬ ಮಾತುಗಳು. ಲೋಕದ ಉಳಿದ ವಿಷಯಗಳಿಗೆ ಅಲ್ಲಿ ಪ್ರವೇಶವಿಲ್ಲ.

ನಾನು ಪಾಠಶಾಲೆಯಲ್ಲಿ ಓದಿದವನು. ಒಂಬತ್ತನೆಯ ವಯಸ್ಸಿನಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದೆನು. ಅದರ ಕ್ಷತ್ರಿಯವರ್ಗದಲ್ಲಿ ಬಿಲ್ಲಿನ ಅಂಗಾಂಗಗಳಿಗೆಲ್ಲ ಹೆಸರುಗಳುಂಟು. ಬಿಲ್ಲಿನ ನಡು ಲಸ್ತಕ, ತುದಿ ಅಟನಿ. ಹೆದೆಗೆ ಮೌರ್ವಿ, ಜ್ಯಾ, ಶಿಂಜಿನಿ, ಗುಣವೆಂಬ ನಾಲ್ಕು ಹೆಸರು. ಹೆದೆಯ ಪೆಟ್ಟು ತಾಗದಂತೆ ಕೈಗೆ ಕಟ್ಟುವ ತೊಗಲಿಗೆ ಗೋಧಾ. ನಿಲ್ಲುವ ಭಂಗಿಗಳಿಗೆ ಆಲೀಢ, ಪ್ರತ್ಯಾಲೀಢ ಮೊದಲಾದ ಐದು ಹೆಸರುಗಳು. ಇವೆಲ್ಲವನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವನಾಗಿದ್ದೆನು. ಆದರೆ ತೋಟದಲ್ಲಿ ಮೊದಲನೆಯ ದಿನ ಹೆದೆಯನ್ನೆಳೆದು ಬಿಟ್ಟಾಗ ಅದು ಎಡಗೈಯ ಒಳಮೈಗೆ ಬಡಿದು ಮುಂಗೈ ಮೊಣಕೈಗಳ ನಡುವೆ ಗೇಣುದ್ದ ಬಾಸುಂಡೆ ಎದ್ದಿತು. ಅರ್ಧ ಶತಮಾನದಿಂದ ಬಾಯಲ್ಲಿದ್ದ ಗೋಧಾ ಎಂಬ ಶಬ್ದವು ಆ ದಿನ ಮೈಗೆ ಬಂದಿತು. ಅರ್ಥವನ್ನರಿಯದೆ ಎಷ್ಟು ಶಬ್ದಗಳನ್ನು ಹೊತ್ತಿದ್ದೆನಲ್ಲಾ, ಎಷ್ಟನ್ನು ಮಕ್ಕಳ ತಲೆಯ ಮೇಲೆ ಹೊರಿಸಿದೆನಲ್ಲಾ ಎಂದು ಆಗ ನಾಚಿಕೆಯೆನಿಸಿತು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಸೀಮೆಯ ವೀರಗಲ್ಲುಗಳಲ್ಲಿ ಬಿಲ್ಲೆಳೆದು ನಿಂತ ಆಳುಗಳನ್ನು ನೋಡಬಹುದು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಶಸ್ತ್ರವಿನೋದಕ್ಕೂ ಸ್ಥಾನವನ್ನು ಕೊಟ್ಟಿದ್ದಾನೆ. ಯುದ್ಧದ ವಿದ್ಯೆಯು ಯುದ್ಧವಿಲ್ಲದ ದಿನ ಮನಸ್ಸಿಗೆ ಉಲ್ಲಾಸವನ್ನು ಕೊಡಬಲ್ಲದೆಂದು ಆ ಅರಸನು ಬಲ್ಲನು. ಬಿದಿರಿನ ಬಿಲ್ಲಿಗೆ ಈಗಲೂ ಮನ್ನಣೆ ತಪ್ಪಿಲ್ಲ. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಅದಕ್ಕಾಗಿಯೇ 'ಇಂಡಿಯನ್ ರೌಂಡ್' ಎಂಬ ಬೇರೆ ವಿಭಾಗವಿದೆ.

ಇನ್ನು ನನ್ನ ಸ್ವಂತ ಬಿಲ್ಲಿನ ಕಥೆ. ಎರವಲು ಬಿಲ್ಲಿನಿಂದ ಎಷ್ಟು ದಿನ ಎಸೆಯುವದು? ಒಂದು ಹಸಿ ಬಿದಿರನ್ನು ತಂದು, ಸೀಳಿ, ಕೆತ್ತಿ, ಹೆದೆ ಕಟ್ಟಿದೆನು. ಮೊದಲನೆಯ ದಿನ ಚೆನ್ನಾಗಿಯೇ ಬಾಗಿತು. ಎರಡನೆಯ ದಿನ ಹೆದೆಯಿಳಿಸಿದರೂ ಅದು ಬಾಗಿಯೇ ಉಳಿಯಿತು. ಅಂಬು ಹತ್ತು ಹೆಜ್ಜೆಗೆ ಬಿದ್ದಿತು. ನಿರುಪಾಯನಾಗಿ 2022ರ ಬೇಸಗೆಯಲ್ಲಿ ಅದನ್ನು ಹಿಡಿದುಕೊಂಡು ಹುಬ್ಬಳ್ಳಿಯ ಮೇದಾರ ಓಣಿಗೆ ಹೋದೆನು. ಮೊರ, ಬುಟ್ಟಿ, ಏಣಿಗಳ ನಡುವೆ ಐವತ್ತರ ಸಮೀಪದ ಒಬ್ಬನು ಕುಳಿತಿದ್ದನು. ದೊಡ್ಡಾಟದವರಿಗೆ ಬಿಲ್ಲು ಮಾಡಿಕೊಡುವನೆಂದು ಯಾರೋ ಹೇಳಿದ್ದರು. ನನ್ನ ಬಿಲ್ಲನ್ನು ಕೈಗೆ ತೆಗೆದುಕೊಂಡು, ಒಮ್ಮೆ ಎಳೆದು, ನನ್ನ ಮುಖವನ್ನು ನೋಡಿದನು.

"ಮಾಸ್ತರ, ನನ್ನ ಗುರ್ತ ಹತ್ತಲಿಲ್ಲೇನ್ರಿ? ರಾಮಶಬ್ದ ಬರಲಿಲ್ಲಂತ ನಿಮ್ಮ ಕೈಯಾಗ ಛಡಿ ತಿಂದಾವ ನಾನು."

ಗುರುತು ಹತ್ತಿತು. 1988ನೆಯ ಇಸವಿ, ಎಂಟನೆಯ ಇಯತ್ತೆ. ನನಗೆ ಆಗ ಇಪ್ಪತ್ತೊಂಬತ್ತು ವರುಷ. ವಿದ್ಯೆಯ ಮದವೂ ಹೊಸದು, ಛಡಿಯೂ ಹೊಸದು. ಮೂರು ದಿನ ಕೇಳಿದರೂ ಆ ಹುಡುಗನ ನಾಲಗೆಯ ಮೇಲೆ ವಿಭಕ್ತಿಗಳು ನಿಲ್ಲಲಿಲ್ಲ. ನಾಲ್ಕನೆಯ ದಿನ ಇಡೀ ವರ್ಗದ ಮುಂದೆ "ನಿನಗ ಇದು ಹತ್ತೂದಲ್ಲ, ಹೋಗಿ ಬುಟ್ಟಿ ಹೆಣಿ" ಎಂದೆನು. ಹುಡುಗರು ನಕ್ಕರು. ನನಗೂ ನನ್ನ ಮಾತು ಚಮತ್ಕಾರವಾಗಿ ತೋರಿತು. ಮರುದಿನದಿಂದ ಅವನ ಹೆಸರಿನ ಮುಂದೆ ಗೈರುಹಾಜರಿ ಬೀಳಹತ್ತಿತು. ತಿಂಗಳ ಕೊನೆಗೆ ಆ ಹೆಸರಿನ ಮೇಲೆ ಕೆಂಪು ಮಸಿಯ ಗೆರೆಯನ್ನೆಳೆದವನೂ ನಾನೇ.

ಅವನು ಆ ಮಾತನ್ನೆತ್ತಲಿಲ್ಲ. ಬಿಲ್ಲನ್ನು ಪಕ್ಕಕ್ಕಿಟ್ಟು ಹೇಳಿದನು: "ಈ ಬಿದಿರು ಎಳೀದೈತ್ರಿ. ಎಳೀದಿದ್ದಾಗ ಬಾಗಸಿದ್ರ ಬಾಗತೈತಿ ಖರೆ. ಆದ್ರ ತಿರುಗಿ ನೆಟ್ಟಗಾಗಂಗಿಲ್ಲ. ಬಾಗೂದೇನು ದೊಡ್ಡದಲ್ರಿ. ಬಿಟ್ಟ ಕೂಡ್ಲೇ ಎದ್ದು ನಿಂದರಬೇಕು, ಅದು ಬಿಲ್ಲು."

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮೂವತ್ತೈದು ವರುಷ ನಾನು ಪಾಲಕರ ಮುಂದೆ ಹೇಳುತ್ತ ಬಂದವನು. ಆ ಗಾದೆಗೆ ಇಂಥದೊಂದು ಉತ್ತರವಿರಬಹುದೆಂದು ನನಗೆ ಹೊಳೆದಿರಲಿಲ್ಲ.

ಅವನು ಬಲಿತ ಮೇದರಿ ಬಿದಿರನ್ನು ಆರಿಸಿ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿದನು. ಬಿದಿರಿನ ಹೊರಮೈಯನ್ನು ಬಿಲ್ಲಿನ ಬೆನ್ನಿಗೆ ಬರುವಂತೆ ಇಟ್ಟು ಅದಕ್ಕೆ ಕತ್ತಿ ತಾಗಿಸದೆ, ಒಳಮೈಯನ್ನಷ್ಟೇ ಹೆರೆದನು. ಗೋಡೆಯ ಗೂಟಕ್ಕೆ ನಡುವನ್ನು ಸಿಗಿಸಿ, ಹೆದೆಯನ್ನು ಕೆಳಗೆ ಜಗ್ಗಿ, ಎರಡೂ ತೋಳು ಸಮನಾಗಿ ಬಾಗುವವೋ ಇಲ್ಲವೋ ಎಂದು ನೋಡುವನು, ಬಾಗದ ಕಡೆಗೆ ಎರಡು ಸಲ ಹೆರೆಯುವನು, ಮತ್ತೆ ಜಗ್ಗುವನು. ಒಮ್ಮೆಲೇ ಹೆಚ್ಚು ಹೆರೆದರೆ ಹೋದದ್ದು ಬಾರದು. ಈ ಕೆಲಸವನ್ನು ನಾನು ಹತ್ತಾರು ಸಂಜೆ ಅವನ ಹತ್ತಿರ ಕುಳಿತು ನೋಡಿದೆನು. ಬಿಲ್ಲನ್ನು ಕೈಗೆ ಕೊಡುವಾಗ ಅವನು ಒಂದೇ ಮಾತು ಹೇಳಿದನು: "ಕೆಲಸ ಇಲ್ಲದಾಗ ಹೆದಿ ಇಳಿಸಿ ಇಡ್ರಿ, ಮಾಸ್ತರ."

ಆ ದಿನಗಳಲ್ಲಿಯೇ ಇಂಗ್ಲಂಡದ ರಾಜರ್ ಆಸ್ಕಮ್‌ನ ವಿಷಯ ಓದಿದೆನು. ಅವನೂ ಶಬ್ದಗಳಲ್ಲಿ ಬದುಕಿದ ಮಾಸ್ತರನು, ಎಲಿಝಬೆತ್ ರಾಣಿಗೆ ಗ್ರೀಕ್ ಲ್ಯಾಟಿನ್ ಕಲಿಸಿದವನು, ಬಿಲ್ಲಿನ ಹುಚ್ಚನು. 1545ರಲ್ಲಿ 'ಟಾಕ್ಸೊಫಿಲಸ್' ಎಂಬ ಗ್ರಂಥವನ್ನು ಬರೆದು, ಓದುವವನಿಗೂ ಬಿಲ್ಲು ಭೂಷಣವೇ ಎಂದು ವಾದಿಸಿದನು. ಅವನು ತೀರಿಕೊಂಡ ಮೇಲೆ, 1570ರಲ್ಲಿ, ಪ್ರಕಟವಾದ ಮತ್ತೊಂದು ಗ್ರಂಥದ ಹೆಸರು 'ದಿ ಸ್ಕೂಲ್‌ಮಾಸ್ಟರ್'. ಹೊಡೆತಕ್ಕಂಜಿ ಶಾಲೆಯಿಂದ ಓಡಿಹೋದ ಹುಡುಗರ ಮಾತಿನಿಂದಲೇ ಅದು ಆರಂಭವಾಗುತ್ತದೆ; ಅಂಜಿಕೆಯಿಂದಲ್ಲ, ಪ್ರೀತಿಯಿಂದ ಕಲಿಸಬೇಕೆಂಬುದೇ ಅದರ ಸಾರ. ಬಿಲ್ಲು ಹಿಡಿದ ಆ ಮಾಸ್ತರನಿಗೆ ನಾಲ್ಕೂವರೆ ನೂರು ವರುಷಗಳ ಹಿಂದೆಯೇ ತಿಳಿದಿದ್ದದ್ದು ನನಗೆ ನಿವೃತ್ತಿಯ ಮೇಲೆ ತಿಳಿಯಿತು.

ಕಳೆದ ವಿಜಯದಶಮಿಯ ದಿನ ಬನ್ನಿಯನ್ನು ತೆಗೆದುಕೊಂಡು ಅವನ ಮನೆಗೆ ಹೋದೆನು. ಅಜ್ಞಾತವಾಸದಲ್ಲಿ ಪಾಂಡವರು ತಮ್ಮ ಆಯುಧಗಳನ್ನು ಬಚ್ಚಿಟ್ಟ ಮರವೆಂದು ಬನ್ನಿಗೆ ನಾವು ಕೈಮುಗಿಯುತ್ತೇವೆ. "ನೀವ್ಯಾಕ ಬಂದ್ರಿ? ನಾವು ಬರೋರಿದ್ವಿ" ಎಂದು ಅವನು ಗಾಬರಿಯಾಗಿ ಎದ್ದನು. ಬನ್ನಿ ಕೊಟ್ಟು, ಬಹು ದಿನದಿಂದ ಗಂಟಲಲ್ಲಿದ್ದ ಮಾತನ್ನು ಹೇಳಿದೆನು: "ಅಂದು ವರ್ಗದಾಗ ನಾ ಹಂಗ ಅನಬಾರದಿತ್ತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. "ನನಗ ಅದರದೇನ ಇಲ್ರಿ, ಮಾಸ್ತರ. ನಮ್ಮವ್ವ ಮಾತ್ರ ನಾ ಓದಬೇಕಂತ ಭಾಳ ಆಸೆ ಇಟ್ಕೊಂಡಿದ್ಲು."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆ ಮೌನವನ್ನು ಮುರಿದವನೂ ಅವನೇ. ಗೋಡೆಗೆ ಆನಿಸಿದ್ದ ಬಿಲ್ಲಿನ ನಡುವನ್ನು ಮುಟ್ಟಿ, "ನಾವು ಇದಕ್ಕ ಹಿಡಿ ಅಂತೀವ್ರಿ. ನಿಮ್ಮ ಸಂಸ್ಕೃತದಾಗ ಏನಂತಾರ?" ಎಂದು ಕೇಳಿದನು.

"ಲಸ್ತಕ."

"ಲಸ್ತಕ" ಎಂದನು. ಒಂದೇ ಸಲಕ್ಕೆ, ಸ್ವಚ್ಛವಾಗಿ.

ಅಮರಸಿಂಹನು ಶರಾಭ್ಯಾಸಕ್ಕೆ ಕೊಟ್ಟಿರುವ ಹೆಸರು ಉಪಾಸನ. ಹತ್ತಿರ ಕುಳಿತಿರುವದು ಎಂಬುದು ಆ ಶಬ್ದದ ಮೂಲಾರ್ಥ. ನಾನು ಈಗಲೂ ರವಿವಾರ ತೋಟಕ್ಕೆ ಹೋಗುತ್ತೇನೆ. ಹನ್ನೆರಡು ಅಂಬಿನಲ್ಲಿ ಐದಾರು ಸಿವುಡಿಗೆ ತಾಗುತ್ತವೆ, ಉಳಿದವನ್ನು ಹುಲ್ಲಿನಲ್ಲಿ ಹುಡುಕುತ್ತೇನೆ. ಬುಧವಾರ ಸಂಜೆ ಮೇದಾರ ಓಣಿಗೆ ಹೋಗಿ ಅವನ ಹತ್ತಿರ ಕುಳಿತಿರುತ್ತೇನೆ. ಮನೆಗೆ ಬಂದ ಕೂಡಲೆ ಹೆದೆಯನ್ನಿಳಿಸಿ ಬಿಲ್ಲನ್ನು ಗೂಟಕ್ಕೆ ತೂಗುಹಾಕುವದನ್ನು ಮಾತ್ರ ಮರೆಯುವದಿಲ್ಲ.